ಮೊದಲ ಆಫರ್ ಲೆಟರಿನ ದೊಡ್ಡ ಅಂಕಿ

ಎಂಜಿನಿಯರಿಂಗ್ ಮುಗಿಸಿದವರ ಕೈಗೆ ಮೊದಲ ಆಫರ್ ಲೆಟರ್ ಬಂದಾಗ ಕಣ್ಣು ನೇರವಾಗಿ ಹೋಗುವುದು ವರ್ಷದ ಒಟ್ಟು ಪ್ಯಾಕೇಜಿನ ಮೇಲೆ. ಗೆಳೆಯರು ಕೇಳುವುದೂ ನೆಂಟರಿಗೆ ತಿಳಿಯುವುದೂ ಅದೊಂದೇ. ನನ್ನ ದೃಷ್ಟಿಯಲ್ಲಿ ಆ ಪತ್ರದಲ್ಲಿ ನಿರ್ಧಾರಕ್ಕೆ ಅತಿ ಕಡಿಮೆ ನೆರವಾಗುವ ಅಂಕಿಯೂ ಅದೇ. ತಿಂಗಳು ತಿಂಗಳು ಖಚಿತವಾಗಿ ಬರುವ ಸಂಬಳ, ಕಂಪನಿಯ ಲಾಭವನ್ನೋ ಮ್ಯಾನೇಜರ್ ಕೊಡುವ ರೇಟಿಂಗನ್ನೋ ನೆಚ್ಚಿಕೊಂಡ ವೇರಿಯಬಲ್ ಪೇ, ಒಮ್ಮೆ ಮಾತ್ರ ಸಿಗುವ ಜಾಯಿನಿಂಗ್ ಬೋನಸ್, ಕೆಲವೆಡೆ ವಿಮೆಯ ಕಂತು ಕೂಡ ಅದರೊಳಗೆ ಸೇರಿಹೋಗಿರುತ್ತವೆ.

ಒಂದು ಆಫರ್ 100 ಎಂದಿಟ್ಟುಕೊಳ್ಳೋಣ. ಅದು ಪೂರ್ತಿ ನಿಶ್ಚಿತ ಸಂಬಳ. ಇನ್ನೊಂದು 115, ಅದರಲ್ಲಿ 15 ಜಾಯಿನಿಂಗ್ ಬೋನಸ್, 15 ವೇರಿಯಬಲ್, ಉಳಿದ 85 ಮಾತ್ರ ನಿಶ್ಚಿತ. ಹೈಕ್ (ಸಂಬಳದ ಏರಿಕೆ) ಬದಿಗಿಟ್ಟು ನೋಡಿದರೆ, ಎರಡನೇ ವರ್ಷ ವೇರಿಯಬಲ್ ಪೂರ್ತಿ ಬಂದರೂ ಇದು ಮೊದಲನೆಯದಕ್ಕೆ ಸಮವಷ್ಟೇ. ಅರ್ಧ ಬಂದರೆ 92.5ಕ್ಕೆ ಇಳಿಯುತ್ತದೆ. ನಿಶ್ಚಿತ ಸಂಬಳದ ಮೇಲೆ ಶೇ. 10ರಷ್ಟು ಹೈಕ್ ಸಿಕ್ಕರೆ ಅಲ್ಲಿ 10 ಏರುತ್ತದೆ, ಇಲ್ಲಿ 8.5. ಈ ಅಂತರ ವರ್ಷದಿಂದ ವರ್ಷಕ್ಕೆ ಹಿಗ್ಗುತ್ತದೆ. ವರ್ಷದೊಳಗೆ ಕೆಲಸ ಬಿಟ್ಟರೆ ಜಾಯಿನಿಂಗ್ ಬೋನಸ್ ಹಿಂದಿರುಗಿಸಬೇಕೆಂಬ ಷರತ್ತನ್ನೂ ಎಷ್ಟೋ ಕಂಪನಿಗಳು ಹಾಕುತ್ತವೆ.

ಷೇರು ಕೊಡುತ್ತೇವೆ ಎಂದಾಗಲಂತೂ ಎಚ್ಚರ ಬೇಕು. ಸಾಮಾನ್ಯವಾಗಿ ಅವು 4 ವರ್ಷಗಳಲ್ಲಿ ಹಂತಹಂತವಾಗಿ ನಮ್ಮದಾಗುತ್ತವೆ, ಮೊದಲ ವರ್ಷ ತುಂಬುವ ಮುನ್ನ ಹೊರಟರೆ ಒಂದೂ ಸಿಗದಿರಬಹುದು. ಷೇರುಪೇಟೆಗೆ ಬಾರದ ಕಂಪನಿಯದಾದರೆ ಬೇಕೆಂದಾಗ ಮಾರಲೂ ಆಗುವುದಿಲ್ಲ.

ಕೆಲಸದ ಅವಧಿಯನ್ನು ಲೆಕ್ಕಕ್ಕೆ ಹಿಡಿಯುವವರು ಕಡಿಮೆ. ವಾರಕ್ಕೆ 40 ಗಂಟೆ ದುಡಿದು 100 ಪಡೆಯುವವನಿಗಿಂತ, 50 ಗಂಟೆ ದುಡಿದು 110 ಪಡೆಯುವವನಿಗೆ ಗಂಟೆಯ ಲೆಕ್ಕದಲ್ಲಿ ಶೇ. 12ರಷ್ಟು ಕಡಿಮೆಯೇ ಸಿಗುತ್ತದೆ. ಇಷ್ಟು ಕಾಲ ಕೆಲಸ ಬಿಡುವುದಿಲ್ಲವೆಂಬ ಒಪ್ಪಂದವಾದ ಬಾಂಡ್, ರಾಜೀನಾಮೆ ಕೊಟ್ಟ ಮೇಲೂ ಕೆಲಸ ಮಾಡಬೇಕಾದ ನೋಟಿಸ್ ಅವಧಿ, ಎರಡನ್ನೂ ಸಹಿಗೆ ಮುನ್ನವೇ ಓದಬೇಕು.

ಸಂಬಳದ ವ್ಯತ್ಯಾಸ ಸಣ್ಣದಾಗಿದ್ದರೆ ನಾನು ಕಲಿಯಲು ಸಿಗುವ ಕೆಲಸವನ್ನೇ ಆರಿಸಿಕೊಳ್ಳುತ್ತೇನೆ. ಆದರೆ ಕಡಿಮೆ ಸಂಬಳಕ್ಕೆ ಸಮಜಾಯಿಷಿಯಾಗಿ 'ಇಲ್ಲಿ ಕಲಿಯಲು ಬಹಳ ಇದೆ' ಎನ್ನುವವರೂ ಇದ್ದಾರೆ. ಅಂಥವರನ್ನು, ಯಾವ ತಂಡಕ್ಕೆ ಹಾಕುತ್ತೀರಿ, ನನ್ನ ಕೋಡನ್ನೋ ವಿನ್ಯಾಸವನ್ನೋ ತಿದ್ದುವ ಹಿರಿಯರು ಯಾರು ಎಂದು ಕೇಳಬೇಕು. ಉತ್ತರ ತಡವರಿಸಿದರೆ ಆ ಕಲಿಕೆಗೆ ಬೆಲೆ ಕಟ್ಟಬೇಕಾಗಿಲ್ಲ.

ಹೊಸಬರು ಸಂಬಳದ ಬಗ್ಗೆ ಬಾಯಿಬಿಡಬಾರದೆಂಬ ಅಳುಕು ಅನಗತ್ಯ. ನಿಶ್ಚಿತ ಭಾಗ ಎಷ್ಟು, ಕಳೆದ ವರ್ಷ ವೇರಿಯಬಲ್ ಎಷ್ಟು ಪಾಲು ಪಾವತಿಯಾಯಿತು, ನಿಶ್ಚಿತ ಭಾಗವನ್ನು ಸ್ವಲ್ಪ ಹೆಚ್ಚಿಸಲು ಸಾಧ್ಯವೇ ಎಂದು ಎಚ್‌ಆರ್‌ಗೆ ಒಂದು ವಿನಯದ ಇಮೇಲ್ ಬರೆಯಬಹುದು. 'ಆರು ತಿಂಗಳ ನಂತರ ಹೆಚ್ಚಿಸುತ್ತೇವೆ' ಎಂಬ ಮಾತು ಫೋನಿನಲ್ಲಿ ಮಾತ್ರ ಬಂದು ಪತ್ರದಲ್ಲಿ ಬಾರದಿದ್ದರೆ, ಲೆಕ್ಕ ಹಾಕುವಾಗ ಅದನ್ನು ಸೊನ್ನೆ ಎಂದೇ ಬರೆದುಕೊಳ್ಳಿ.