ಅವರಿಗೆ ಯಾರೂ ಸುಮ್ನೆ ಕೊಡಲಿಲ್ಲ

ಶನಿವಾರ ರಾತ್ರಿ ಸ್ನೇಹಿತರ ಮನೆಯಲ್ಲಿ ಊಟ ಇತ್ತು. ಬಿಸಿಬೇಳೆಬಾತ್ ಬಡಿಸುವ ಹೊತ್ತಿಗೆ ಒಬ್ಬರು ಶುರು ಮಾಡಿದರು. "ಈ ಅಬೊರಿಜಿನಲ್ ಜನಕ್ಕೆ ಏನು ಕಮ್ಮಿ ಹೇಳಿ? ಮನೆ ಫ್ರೀ, ಆಸ್ಪತ್ರೆ ಫ್ರೀ. ಎಲ್ಲಾ ಸರ್ಕಾರವೇ ಕೊಡುತ್ತೆ. ದುಡಿದು ಟ್ಯಾಕ್ಸ್ ಕಟ್ಟೋದು ಮಾತ್ರ ನಾವು." ಪಕ್ಕದಲ್ಲಿದ್ದವರೂ ತಲೆ ಆಡಿಸಿದರು. ಅಬೊರಿಜಿನಲ್ ಅಂದರೆ ಆಸ್ಟ್ರೇಲಿಯಾದ ಮೂಲನಿವಾಸಿಗಳು. ಸಿಡ್ನಿಗೆ ಬಂದಾಗಿನಿಂದ ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಅಲ್ಲೇ ಉತ್ತರ ಕೊಡಲು ಹೊರಟೆ. ದನಿ ಏರಿತು. ಊಟಕ್ಕೆ ಕರೆದವರ ಮುಖ ನೋಡಿ ಸುಮ್ಮನಾದೆ. ಅಲ್ಲಿ ಅರ್ಧಕ್ಕೆ ನಿಂತಿದ್ದನ್ನು ಇಲ್ಲಿ ಪೂರ್ತಿ ಹೇಳುತ್ತೇನೆ.

ಮೊದಲು ಆ ಫ್ರೀ ಆಸ್ಪತ್ರೆ ವಿಷಯ. ರೆಡ್‌ಫರ್ನ್ ನಿಮಗೆಲ್ಲ ಗೊತ್ತಲ್ವಾ, ಸಿಡ್ನಿಯಲ್ಲಿ ಸೆಂಟ್ರಲ್ ಆದಮೇಲಿನ ಸ್ಟೇಷನ್. 1970ರ ಆಸುಪಾಸಿನಲ್ಲಿ ಅಲ್ಲಿ ಸಾವಿರಾರು ಅಬೊರಿಜಿನಲ್ ಜನ ಇದ್ದರು. ಕಾಯಿಲೆ ಬಿದ್ದರೆ ಡಾಕ್ಟರಿಗೆ ಕೊಡಲು ಕೈಯಲ್ಲಿ ಕಾಸಿಲ್ಲ. ಆಸ್ಪತ್ರೆಗೆ ಹೋದರೆ ಅವಮಾನ. ಹಾಗಾಗಿ ಮನೆಯಲ್ಲೇ ನರಳುತ್ತಿದ್ದರು. ಗಾರ್ಡನ್ ಬ್ರಿಸ್ಕೋ ಅನ್ನುವ ಅಬೊರಿಜಿನಲ್ ಹೋರಾಟಗಾರರು, ಡಲ್ಸಿ ಫ್ಲವರ್ ಅನ್ನುವ ನರ್ಸ್, ಮಮ್ ಶರ್ಲ್, ಕಣ್ಣಿನ ಡಾಕ್ಟರ್ ಫ್ರೆಡ್ ಹಾಲೋಸ್, ಇನ್ನೂ ಕೆಲವರು ಸೇರಿ 1971ರಲ್ಲಿ ಒಂದು ಅಂಗಡಿ ಮಳಿಗೆಯಲ್ಲಿ ಕ್ಲಿನಿಕ್ ತೆರೆದರು. ಡಾಕ್ಟರುಗಳು, ನರ್ಸುಗಳು ತಮ್ಮ ಡ್ಯೂಟಿ ಮುಗಿಸಿ ಬಂದು ಸಂಬಳ ಇಲ್ಲದೆ ನೋಡುತ್ತಿದ್ದರು. ಅದೇ ಅಬೊರಿಜಿನಲ್ ಮೆಡಿಕಲ್ ಸರ್ವಿಸ್. ಮುಂದೆ ನವೋಮಿ ಮೇಯರ್ಸ್ ಅನ್ನುವ ಹೆಣ್ಣುಮಗಳು ಸುಮಾರು ನಲವತ್ತು ವರ್ಷ ಅದನ್ನು ನಡೆಸಿದರು. ಅವರೂ ಅಬೊರಿಜಿನಲ್.

ಈಗ ವರ್ಷಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಎಲ್ಲರಿಗೂ ಆರೋಗ್ಯ ವಿಮೆ ಅಂತ ಸರ್ಕಾರ ಮೆಡಿಬ್ಯಾಂಕ್ ತಂದಿದ್ದು 1975ರಲ್ಲಿ. ನಾವೆಲ್ಲ ಕಾರ್ಡನ್ನು ಪರ್ಸ್‌ನಲ್ಲಿ ಇಟ್ಟುಕೊಂಡು ಓಡಾಡುವ ಮೆಡಿಕೇರ್, ಅಂದರೆ ಈಗಿನ ಸರ್ಕಾರಿ ಆರೋಗ್ಯ ವಿಮೆ, ಬಂದಿದ್ದು 1984ರಲ್ಲಿ. ಅಂದರೆ ಸರ್ಕಾರ ಕೊಡುವುದಕ್ಕೆ ನಾಲ್ಕು ವರ್ಷ ಮೊದಲೇ ಇವರು ತಮ್ಮ ಜನಕ್ಕೆ ತಾವೇ ಫ್ರೀ ಡಾಕ್ಟರ್ ವ್ಯವಸ್ಥೆ ಮಾಡಿಕೊಂಡಿದ್ದರು. ಸರ್ಕಾರ ಕೊಡುತ್ತೆ ಅನ್ನುವವರು ಈ ಒಂದು ವಿಷಯಕ್ಕಾದರೂ ಉತ್ತರ ಹೇಳಲಿ.

ಮಮ್ ಶರ್ಲ್ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಹೆಸರು ಶರ್ಲಿ ಸ್ಮಿತ್, ವಿರಾಜುರಿ ಜನಾಂಗದವರು, ಹುಟ್ಟಿದ್ದು ಕೌರಾ ಊರಿನ ಹತ್ತಿರದ ಎರಾಂಬಿ ಮಿಷನ್ ಅನ್ನುವ ಅಬೊರಿಜಿನಲ್ ವಸತಿಯಲ್ಲಿ. ಮೂರ್ಛೆ ರೋಗ ಇತ್ತು, ಹಾಗಾಗಿ ಶಾಲೆ ಸರಿಯಾಗಿ ಆಗಲಿಲ್ಲ. ಸಹೋದರನೊಬ್ಬ ಜೈಲಿಗೆ ಹೋದಾಗ ನೋಡಲು ಹೋಗುತ್ತಿದ್ದರು. ಅವನು ಹೊರಗೆ ಬಂದಮೇಲೂ ಹೋಗುವುದನ್ನು ನಿಲ್ಲಿಸಲಿಲ್ಲ. ಯಾರೂ ನೋಡಲು ಬಾರದ ಕೈದಿಗಳು ಎಷ್ಟೋ ಜನ ಒಳಗಿದ್ದರು. "ಇವನಿಗೆ ನೀವು ಏನಾಗಬೇಕು?" ಅಂತ ಜೈಲಿನವರು ಕೇಳಿದರೆ, "ನಾನು ಅವನ ಅಮ್ಮ" ಅನ್ನುತ್ತಿದ್ದರು. ಪ್ರತಿಯೊಬ್ಬನಿಗೂ ಇದೇ ಉತ್ತರ. ಮಮ್ ಅನ್ನುವ ಹೆಸರು ಬಂದಿದ್ದೇ ಹಾಗೆ. ಮನೆಯಲ್ಲಿ ಅರವತ್ತಕ್ಕೂ ಜಾಸ್ತಿ ಮಕ್ಕಳನ್ನು ಸಾಕಿದರು ಅಂತ ಹೇಳುತ್ತಾರೆ. ಲೀಗಲ್ ಸರ್ವಿಸ್, ಮೆಡಿಕಲ್ ಸರ್ವಿಸ್, ಮಕ್ಕಳ ಸರ್ವಿಸ್, ಎಲ್ಲದರ ಬುಡದಲ್ಲೂ ಈ ತಾಯಿ ಇದ್ದಾರೆ. ಇವರಿಗೆ ಯಾರು ಏನು ಫ್ರೀ ಕೊಟ್ಟರು?

"ಆದರೂ ಸರ್ಕಾರ ಕೋಟಿಗಟ್ಟಲೆ ಖರ್ಚು ಮಾಡುತ್ತಲ್ಲ ಮೇಡಂ" ಅಂತ ಒಬ್ಬರು ಮೆಸೇಜ್ ಹಾಕಿದ್ದಾರೆ. ಮಾಡುತ್ತೆ, ಇಲ್ಲ ಅನ್ನಲ್ಲ. ಆ ದುಡ್ಡು ಹೇಗೆ ಬಂತು, ಎಷ್ಟು ಸಲ ಕಿತ್ತುಕೊಂಡರು ಅನ್ನೋದನ್ನೂ ನೋಡಿ. 1976ರಲ್ಲಿ ಫ್ರೆಡ್ ಹಾಲೋಸ್ ತಂಡ ಕಣ್ಣಿನ ತಪಾಸಣೆಗೆ ಹೊರಟಿತು. ಟ್ರಕೋಮಾ ಅಂತ ಒಂದು ರೋಗ. ಸೋಂಕು ಮತ್ತೆ ಮತ್ತೆ ಆಗಿ ರೆಪ್ಪೆಯ ಒಳಭಾಗ ಗಾಯವಾಗಿ ಮುದುಡುತ್ತೆ. ಆಮೇಲೆ ರೆಪ್ಪೆಗೂದಲು ಒಳಕ್ಕೆ ತಿರುಗಿ, ಕಣ್ಣು ಮಿಟುಕಿಸಿದಾಗಲೆಲ್ಲ ಕಣ್ಣುಗುಡ್ಡೆಯನ್ನು ಕೆರೆಯುತ್ತೆ. ಕೆರೆದು ಕೆರೆದು ಕಣ್ಣೇ ಹೋಗುತ್ತೆ. ಮುಖ ತೊಳೆಯಲು ನೀರಿಲ್ಲದ, ಜನ ಕಿಕ್ಕಿರಿದ ಮನೆಗಳಲ್ಲಿ ಹರಡುವ ರೋಗ ಇದು. ತಂಡ ಎರಡು ವರ್ಷದಲ್ಲಿ 465 ಊರುಗಳಿಗೆ ಹೋಗಿ ಒಂದು ಲಕ್ಷಕ್ಕೂ ಹೆಚ್ಚು ಜನರ ಕಣ್ಣು ನೋಡಿತು. ಜಿಲ್ಪಿಯಾ ಜೋನ್ಸ್ ಅನ್ನುವ ಅಬೊರಿಜಿನಲ್ ನರ್ಸ್ ಜೊತೆಗಿದ್ದರು. ಊರಿನವರ ಜೊತೆ ಮೊದಲು ಮಾತಾಡಿ ಒಪ್ಪಿಸುವ ಕೆಲಸ ಅಬೊರಿಜಿನಲ್ ಕಾರ್ಯಕರ್ತರದ್ದು. ಹಾಲೋಸ್ ದೊಡ್ಡ ಮನುಷ್ಯರು, ನನಗೆ ಅಪಾರ ಗೌರವ ಇದೆ. ಆದರೆ ಅವರೊಬ್ಬರ ಹೆಸರು ಮಾತ್ರ ನೆನಪಿಟ್ಟುಕೊಂಡು ಉಳಿದವರನ್ನು ಮರೆತರೆ ನನಗೆ ತುಂಬಾ ಬೇಜಾರಾಗುತ್ತೆ.

ಈ ತಂಡವನ್ನು ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ ಅರ್ಧಕ್ಕೇ ನಿಲ್ಲಿಸಿದರು. ಕಾರಣ ಕೇಳಿ. ತಂಡದಲ್ಲಿದ್ದ ಮಿಕ್ ಮಿಲ್ಲರ್, ಕ್ಲಾರಿ ಗ್ರೋಗನ್ ಅನ್ನುವ ಇಬ್ಬರು ಅಬೊರಿಜಿನಲ್ ಕಾರ್ಯಕರ್ತರು ತಮ್ಮ ಜನರ ಹೆಸರನ್ನು ವೋಟರ್ ಲಿಸ್ಟಿಗೆ ಸೇರಿಸುತ್ತಿದ್ದಾರೆ ಅಂತ ಅಲ್ಲಿನ ಪ್ರೀಮಿಯರ್, ಅಂದರೆ ಮುಖ್ಯಮಂತ್ರಿ, ಜೋ ಬ್ಯೆಲ್ಕಿ-ಪೀಟರ್ಸನ್ ದೂರು ಕೊಟ್ಟರು. ವೋಟು ಹಾಕಿ ಅಂದಿದ್ದಕ್ಕೆ ಕಣ್ಣಿನ ಚಿಕಿತ್ಸೆ ನಿಂತಿತು! ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಇನ್ನೊಂದು ವಿಷಯ ನನಗೆ ಬಹಳ ಹತ್ತಿರದ್ದು. ಅಪ್ಪ ಡಯಾಲಿಸಿಸ್ ಮೇಲೆ ಇದ್ದದ್ದು ಹಳೆಯ ಸ್ನೇಹಿತರಿಗೆ ಗೊತ್ತು. ಅರಸೀಕೆರೆ ಪಕ್ಕದ ನಮ್ಮೂರಿಂದ ಹಾಸನಕ್ಕೆ ವಾರಕ್ಕೆ ಮೂರು ಸಲ ಹೋಗಬೇಕಿತ್ತು. ಬೆಳಗಿನ ಜಾವ ಎದ್ದು ಬಸ್ಸು, ನಾಲ್ಕು ಗಂಟೆ ಮಿಷನ್, ಮತ್ತೆ ಬಸ್ಸು. ಹಾಸನದಲ್ಲೇ ರೂಮ್ ಮಾಡೋಣ ಅಂದರೆ, "ಸತ್ತರೂ ಊರಲ್ಲೇ ಸಾಯ್ತೀನಿ ಕಣಮ್ಮ" ಅನ್ನುತ್ತಿದ್ದರು. ಈಗ ಇಲ್ಲಿಯ ಕಥೆ ಕೇಳಿ. ಆಸ್ಟ್ರೇಲಿಯಾದ ನಡುಭಾಗದಲ್ಲಿರುವ ಕಿಂಟೋರ್ ಅನ್ನುವ ಮರುಭೂಮಿಯ ಊರಿಂದ ಡಯಾಲಿಸಿಸ್ ಇದ್ದ ಆಲಿಸ್ ಸ್ಪ್ರಿಂಗ್ಸ್‌ಗೆ 500 ಕಿಲೋಮೀಟರಿಗಿಂತ ಜಾಸ್ತಿ. ಹೋಗಿ ಬರುವ ಮಾತೇ ಇಲ್ಲ. ಕಿಡ್ನಿ ಹೋದವರು ಮನೆ, ಮೊಮ್ಮಕ್ಕಳು, ತಮ್ಮ ನೆಲ ಎಲ್ಲ ಬಿಟ್ಟು ಅಲ್ಲೇ ಇರಬೇಕಿತ್ತು. ಆಗ ಅಲ್ಲಿನ ಅಬೊರಿಜಿನಲ್ ಚಿತ್ರ ಕಲಾವಿದರು ಸೇರಿ ದೊಡ್ಡ ದೊಡ್ಡ ಚಿತ್ರಗಳನ್ನು ಬರೆದರು. 2000ದ ನವೆಂಬರ್‌ನಲ್ಲಿ ಸಿಡ್ನಿಯ ಆರ್ಟ್ ಗ್ಯಾಲರಿಯಲ್ಲಿ ಹರಾಜು ಆಯಿತು. ಹತ್ತು ಲಕ್ಷ ಡಾಲರ್ ದಾಟಿತು. ಆ ದುಡ್ಡಿಂದ ಶುರುವಾದ ಕೆಲಸ 2004ರಲ್ಲಿ ಕಿಂಟೋರ್‌ಗೇ ಡಯಾಲಿಸಿಸ್ ಮಿಷನ್ ತಂದಿತು. ಇವತ್ತು ಅದನ್ನು ಪರ್ಪಲ್ ಹೌಸ್ ಅನ್ನುತ್ತಾರೆ. ದೂರದ ಎಷ್ಟೋ ಊರುಗಳಲ್ಲಿ ಮಿಷನ್ ಇಟ್ಟಿದ್ದಾರೆ. ಲಾರಿಯೊಳಗೆ ಡಯಾಲಿಸಿಸ್ ಕುರ್ಚಿ ಇಟ್ಟುಕೊಂಡೂ ಹೋಗುತ್ತಾರೆ. ಶುರುವಿನ ದುಡ್ಡು ಚಿತ್ರ ಮಾರಿ ಬಂದದ್ದು. ಯಾರ ಟ್ಯಾಕ್ಸೂ ಅಲ್ಲ.

ಆ ಹರಾಜಿಗೆ ಒಂದು ತಿಂಗಳ ಹಿಂದೆ, ಅಕ್ಟೋಬರ್‌ನಲ್ಲಿ, ಚಾರ್ಲ್ಸ್ ಪರ್ಕಿನ್ಸ್ ಅನ್ನುವ ಅಬೊರಿಜಿನಲ್ ಹೋರಾಟಗಾರರು 64ನೇ ವಯಸ್ಸಿಗೆ ತೀರಿಕೊಂಡಿದ್ದರು. ಆಲಿಸ್ ಸ್ಪ್ರಿಂಗ್ಸ್‌ನಲ್ಲೇ ಹುಟ್ಟಿದವರು. ಅವರಿಗೂ ಕಿಡ್ನಿ ಕಾಯಿಲೆ. 1972ರಲ್ಲಿ ಹಾಕಿಸಿಕೊಂಡ ಕಿಡ್ನಿಯಲ್ಲೇ ಅಷ್ಟು ವರ್ಷ ಹೋರಾಡಿದರು. 1965ರ ಫೆಬ್ರವರಿಯಲ್ಲಿ ಸಿಡ್ನಿ ವಿದ್ಯಾರ್ಥಿಗಳ ಬಸ್ಸಿನಲ್ಲಿ ಮೋರಿ ಅನ್ನುವ ಊರಿಗೆ ಹೋಗಿ, ಅಬೊರಿಜಿನಲ್ ಮಕ್ಕಳನ್ನು ಸೇರಿಸದ ಈಜುಕೊಳಕ್ಕೆ ಆ ಮಕ್ಕಳನ್ನು ಕರೆದುಕೊಂಡು ಹೋದವರು ಇವರೇ.

ಅದೇ ವರ್ಷ ಆಗಸ್ಟ್‌ನಲ್ಲಿ ಐದು ವರ್ಷದ ಒಂದು ಹುಡುಗಿಯನ್ನು ದೇಶದಿಂದ ಹೊರಗೆ ಹಾಕಲು ಸಿಡ್ನಿ ಏರ್‌ಪೋರ್ಟಿಗೆ ತಂದಿದ್ದರು. ಫಿಜಿಯಿಂದ ಬಂದ ಭಾರತೀಯ ಮೂಲದ ಮಗು. ಬಿಳಿಯರಿಗೆ ಮಾತ್ರ ಜಾಗ ಅನ್ನುವ ಕಾನೂನಿನ ಕಾಲ. ಪರ್ಕಿನ್ಸ್ ಏರ್‌ಪೋರ್ಟಿನಲ್ಲಿ ಆ ಮಗುವನ್ನು ಎತ್ತಿಕೊಂಡು ಹೊರಟೇಬಿಟ್ಟರು! ದೇಶವೆಲ್ಲ ಸುದ್ದಿಯಾಯಿತು. ಮಗುವನ್ನು ಕೊನೆಗೂ ಕಳಿಸಿದರು, ನಿಜ. ಆದರೆ ತನ್ನ ಜನಕ್ಕೇ ಇನ್ನೂ ಸರಿಯಾದ ಹಕ್ಕು ಇಲ್ಲದಾಗ ಆ ಮನುಷ್ಯ ನಮ್ಮ ಬಣ್ಣದ ಮಗುವಿಗಾಗಿ ನಿಂತರು. "ನಾವು ನಿನ್ನೆ ಮೊನ್ನೆ ಬಂದವರು, ಅವರ ವಿಷಯ ನಮಗ್ಯಾಕೆ" ಅನ್ನುವವರಿಗೆ ನಾನು ಇದನ್ನೇ ಹೇಳುವುದು.

ರೆಡ್‌ಫರ್ನ್‌ನ ಆ ಮೆಡಿಕಲ್ ಸರ್ವಿಸ್ ಈಗಲೂ ನಡೆಯುತ್ತಿದೆ. ಈ ಸಲ ಯುಗಾದಿ ಕಾರ್ಯಕ್ರಮಕ್ಕೆ ಅಲ್ಲಿ ಕೆಲಸ ಮಾಡಿದ ಹಿರಿಯರೊಬ್ಬರನ್ನು ಕರೆಸಿ, ಅರ್ಧ ಗಂಟೆ ಮಾತಾಡಿಸೋಣ ಅಂತ ನಮ್ಮ ಸಂಘಕ್ಕೆ ಬರೆದಿದ್ದೇನೆ. ಕಮಿಟಿಯಲ್ಲಿ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಆಗುತ್ತೋ ಇಲ್ಲವೋ ತಿಳಿಸಿ. ಹೋಗಿ ಕರೆಯುವ ಜವಾಬ್ದಾರಿ ನನ್ನದು.