ದಯವಿಟ್ಟು ಮತವನ್ನು ಮುಟ್ಟಬೇಡಿ

2025ರ ಮಳೆಗಾಲದ ಒಂದು ಆದಿತ್ಯವಾರ, ಮಂಗಳೂರಿನ ಒಂದು ವಸ್ತುಸಂಗ್ರಹಾಲಯದಲ್ಲಿ ಮತದಾನ ಮತ್ತು ಜನಶಕ್ತಿಯ ಬಗ್ಗೆ ಸಂವಾದ ಇತ್ತು. ಬೇರೆ ಏನೇ ಹೇಳಲಿ, ಜಾಗ ಹುಡುಕಿದವರ ಬುದ್ಧಿಯನ್ನು ಮೆಚ್ಚಬೇಕು. ಸ್ಥಳೀಯ ಚುನಾವಣೆ ಅಂತ ಒಂದು ವಸ್ತು ಈ ಊರಲ್ಲಿ ಕಾಣಸಿಗುವುದಿದ್ದರೆ ಅಲ್ಲೇ ಸಿಗಬೇಕು. ತುಕ್ಕು ಹಿಡಿದ ಕತ್ತಿಗೂ ಮೂಗು ಹೋದ ವೀರಗಲ್ಲಿಗೂ ನಡುವೆ.

ನಾವು ಮಹಾನಗರ ಪಾಲಿಕೆಯ 60 ವಾರ್ಡಿಗೆ ಓಟು ಹಾಕಿದ್ದು 2019ರ ನವೆಂಬರಿನಲ್ಲಿ. 2025ರ ಫೆಬ್ರುವರಿಯಲ್ಲಿ ಅವಧಿ ಮುಗಿಯಿತು. ಕಾರ್ಪೊರೇಟರುಗಳು ಮನೆಗೆ ಹೋದರು, ಚುನಾವಣೆ ಬರಲಿಲ್ಲ, ಆಡಳಿತಾಧಿಕಾರಿ ಬಂದರು. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಸಿರಬೇಕು ಅಂತ ಸಂವಿಧಾನದ 243ಯು ವಿಧಿ ಹೇಳುತ್ತದೆ. ಹೇಳಲಿ, ಪಾಪ. ಜಿಲ್ಲಾ ಪಂಚಾಯತಿನದ್ದು ಇನ್ನೂ ಪ್ರಾಚೀನ ಕತೆ. ಮತದಾನ 2016ರ ಫೆಬ್ರುವರಿಯಲ್ಲಿ, ಅವಧಿ ಮುಗಿದದ್ದು 2021ರಲ್ಲಿ. ಆಮೇಲೆ ಕ್ಷೇತ್ರ ಪುನರ್ವಿಂಗಡಣೆ, ಅದಕ್ಕೊಂದು ಆಯೋಗ, ಮೀಸಲಾತಿ ಪಟ್ಟಿ, ಕೋರ್ಟು, ವಾಯಿದೆ. 2016ರ ಮಾರ್ಚಿನಲ್ಲಿ ಹದಿನೆಂಟು ತುಂಬಿದ ಕಿನ್ನಿಗೋಳಿಯ ಹುಡುಗಿ 2025ರಲ್ಲಿ ಇಪ್ಪತ್ತೇಳಕ್ಕೆ ಬಂದರೂ ಜಿಲ್ಲಾ ಪಂಚಾಯತಿನ ಓಟು ಹೇಗಿರುತ್ತದೆಂದು ಕಂಡಿರಲಿಲ್ಲ. 1987ರಲ್ಲಿ, ದೇಶಕ್ಕೆಲ್ಲ ಪಂಚಾಯತ್ ರಾಜ್ ತಿದ್ದುಪಡಿ ಬರುವ ಎಷ್ಟೋ ಮೊದಲು, ಪಂಚಾಯತ್ ರಾಜ್ ಮಂತ್ರಿ ನಜೀರ್ ಸಾಬರ ಕಾಲದಲ್ಲಿ ಜಿಲ್ಲಾ ಪರಿಷತ್ತಿಗೆ ಓಟು ನಡೆಸಿ, ಹೆಂಗಸರಿಗೆ ಶೇ. 25 ಸ್ಥಾನ ಬಿಟ್ಟುಕೊಟ್ಟ ರಾಜ್ಯ ಇದು. ಅಜ್ಜನ ಮನೆಯ ಆನೆಯ ಕತೆ ಹೇಳುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ.

ಸಂವಾದಕ್ಕೆ ಬರುವಾ. ಬಾಗಿಲಲ್ಲೇ ಒಬ್ಬ ಹುಡುಗ ಮಾರ್ಕರ್ ಪೆನ್ನು ಹಿಡಿದು ಬಂದವರ ತೋರುಬೆರಳಿಗೆ ಶಾಯಿಯ ಗುರುತು ಹಾಕುತ್ತಿದ್ದ, ಸೆಲ್ಫಿಗೆ. ನಿಜವಾದ ಶಾಯಿ ಮೈಸೂರಿನ ಕಾರ್ಖಾನೆಯದ್ದು, ಸಿಲ್ವರ್ ನೈಟ್ರೇಟಿನದ್ದು, ತಿಕ್ಕಿದರೂ ವಾರಗಟ್ಟಲೆ ಹೋಗುವುದಿಲ್ಲ. ಇದು ಚಾ ಗ್ಲಾಸಿನ ಹಬೆಗೇ ಹೋಯಿತು. ಕೌನ್ಸಿಲ್ಲೇ ಇಲ್ಲದ ಊರಿಗೆ ಇಷ್ಟು ಶಾಯಿ ಧಾರಾಳ ಸಾಕು.

ಮತದ ಮಹತ್ವ ಮನದಟ್ಟಾಗಲಿ ಅಂತ ಮೊದಲಿಗೆ ಕೈ ಎತ್ತಿಸಿ ಒಂದು ಮತದಾನ: ಚಾದ ಜೊತೆಗೆ ಗೋಳಿಬಜೆಯೋ, ಸಜ್ಜಿಗೆ ಬಜಿಲೋ? ಗೋಳಿಬಜೆ ಭರ್ಜರಿಯಾಗಿ ಗೆದ್ದಿತು. ಬಂದದ್ದು ಸಜ್ಜಿಗೆ ಬಜಿಲ್. ಕೇಳಿದರೆ ಸಂಚಾಲಕರು, “ಕ್ಯಾಟರಿಂಗಿನವರಿಗೆ ನಿನ್ನೆಯೇ ಹೇಳಿ ಆಗಿದೆ ಮಾರಾಯ್ರೆ. ನಿಮ್ಮ ಅಭಿಪ್ರಾಯವನ್ನು ನಾವು ಗೌರವಿಸ್ತೇವೆ” ಅಂದರು. ಇಡೀ ದಿನದಲ್ಲಿ ಪ್ರಜಾಪ್ರಭುತ್ವದ ಬಗ್ಗೆ ಸರಿಯಾಗಿ ತಲೆಗೆ ಹೋದ ಪಾಠ ಇದೊಂದೇ. ಬಜಿಲ್ ಚೆನ್ನಾಗಿತ್ತು, ಅದು ಬೇರೆ ವಿಷಯ.

ಅತಿಥಿಗಳು ಕಮಲಾದೇವಿ ಚಟ್ಟೋಪಾಧ್ಯಾಯರ ಬಗ್ಗೆ ಮಾತಾಡಿದರು. ಮಂಗಳೂರಿನ ಹೆಣ್ಣುಮಗಳು, 1926ರಲ್ಲಿ ಮದ್ರಾಸ್ ಶಾಸನಸಭೆಗೆ ನಿಂತು ಕೂದಲೆಳೆಯಲ್ಲಿ ಸೋತವರು. ಎಲ್ಲರೂ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಿಂದ ಒಬ್ಬರು ಅಜ್ಜ ಮೆಲ್ಲ ಹೇಳಿದರು: “ಅವರಿಗೆ ಸೋಲ್ಲಿಕ್ಕಾದ್ರೂ ಒಂದು ಚುನಾವಣೆ ಇತ್ತಲ್ಲ.” ಇದೇ ಅಜ್ಜ ಪ್ರದರ್ಶನಕ್ಕಿಟ್ಟ ಕಬ್ಬಿಣದ ಮತಪೆಟ್ಟಿಗೆಯ ಹತ್ತಿರ ಆಮೇಲೆ ಬಹಳ ಹೊತ್ತು ನಿಂತಿದ್ದರು. 1951–52ರಲ್ಲಿ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಮೇಲೆ ಚಿಹ್ನೆ. ಚೀಟಿಗೆ ಮುದ್ರೆ ಒತ್ತುವ ಕೆಲಸವಿಲ್ಲ, ಬೇಕಾದ ಪೆಟ್ಟಿಗೆಗೆ ಹಾಕಿದರೆ ಆಯಿತು. ಅಜ್ಜ ಮುಚ್ಚಳಕ್ಕೆ ಕೈ ಹಾಕಿದ್ದೇ ಕಾವಲಿನವ ಓಡಿ ಬಂದ. ಗೋಡೆಯಲ್ಲಿ ಬೋರ್ಡು ಉಂಟು: ಮುಟ್ಟಬಾರದು.

ಕೊನೆಗೆ ಜನರ ಸರದಿ. ಅಧ್ಯಕ್ಷರ ಭಾಷಣ ಐವತ್ತು ನಿಮಿಷಕ್ಕೆ ಎಳೆದದ್ದರಿಂದ ಬಾಯಲ್ಲಿ ಪ್ರಶ್ನೆ ಕೇಳಲು ಹೊತ್ತಿಲ್ಲ, ‘ನನ್ನ ಮತದಿಂದ ಏನು ಬದಲಾಗಬೇಕು?’ ಅಂತ ಹಳದಿ ಚೀಟಿಯಲ್ಲಿ ಬರೆದು ಬೋರ್ಡಿಗೆ ಅಂಟಿಸಬೇಕು. ಸಂಘಟಕರು ಸಮಾನತೆ, ಸೌಹಾರ್ದ ಇಂಥದ್ದೆಲ್ಲ ಬರುತ್ತದೆ ಅಂತ ಕಾದಿದ್ದರು. ಬಂದದ್ದು ಚರಂಡಿ, ಚಪ್ಪಡಿ, ನೀರಿನ ಬಿಲ್ಲು. ಕುಲಶೇಖರದ ಬಾಯಮ್ಮ ಒಬ್ಬರು ದುಂಡಗೆ ಬರೆದಿದ್ದರು: ನಮ್ಮ ಓಣಿಯ ತಿರುವಿನ ದೀಪ ಹೋಗಿ ಮೂರು ತಿಂಗಳಾಯಿತು.

ಮೊದಲಾದರೆ ಕಾರ್ಪೊರೇಟರನಿಗೆ ಫೋನ್ ಮಾಡುತ್ತಿದ್ದರಂತೆ. ಎತ್ತುತ್ತಿರಲಿಲ್ಲ, ಆದರೆ ರಿಂಗ್ ಆದರೂ ಆಗುತ್ತಿತ್ತು.

“ಇದನ್ನು ಪಾಲಿಕೆಗೆ ಕೊಡ್ತೀರಾ?” ಬಾಯಮ್ಮ ಕೇಳಿದರು.

“ಇಲ್ಲ ಬಾಯಮ್ಮ, ಇದು ಜನರ ದನಿ. ಇದನ್ನು ನಾವು ಸಂರಕ್ಷಿಸ್ತೇವೆ.”

ಸಂರಕ್ಷಿಸಿದರು ಕೂಡ. ಸಹಾಯಕ ಹುಡುಗ ಕೈಗವಸು ಹಾಕಿಕೊಂಡು ಚೀಟಿಯನ್ನು ಬಿಡಿಸಿದ, ರಿಜಿಸ್ಟರಿನಲ್ಲಿ ನಂಬರು ಬರೆದ, ಪ್ಲಾಸ್ಟಿಕ್ ಲಕೋಟೆಗೆ ಸೇರಿಸಿ ತೇವ ಎಳೆಯುವ ಪುಡಿಯ ಪೊಟ್ಟಣವನ್ನೂ ಇಟ್ಟ. ಮೂರು ತಿಂಗಳಿಂದ ಯಾವ ಕಚೇರಿಯಲ್ಲೂ ನಂಬರು ಸಿಗದ ದೂರಿಗೆ ಅಲ್ಲಿ ಎರಡೇ ನಿಮಿಷದಲ್ಲಿ ನಂಬರು ಸಿಕ್ಕಿತು.

“ಇನ್ನು ಇನ್ನೂರು ವರ್ಷ ಇದಕ್ಕೆ ಏನೂ ಆಗುದಿಲ್ಲ” ಅಂದ, ಹೆಮ್ಮೆಯಲ್ಲಿ.

“ಅದು ಗೊತ್ತುಂಟು ಮಗಾ” ಅಂದರು ಬಾಯಮ್ಮ. ಕತ್ತಲೆ ಆಗಿತ್ತು. ಬ್ಯಾಗಿನಿಂದ ಟಾರ್ಚು ತೆಗೆದು ಒಂದು ಸಲ ಒತ್ತಿ ನೋಡಿ, ಕೊಡೆ ಬಿಡಿಸಿ ಬಸ್ ಸ್ಟಾಪಿನ ಕಡೆಗೆ ಇಳಿದರು.