ಬೂದಿ ಮುಚ್ಚಿದ ಗಡ್ಡೆ

‘ಅಟ್ಟ ಮೇಲೆ ಒಲೆ ಉರಿಯಿತು’ ಎಂಬ ಗಾದೆ ಪಾತ್ರೆಯಿಟ್ಟು ಬೇಯಿಸುವವರ ನಡುವೆ ಹುಟ್ಟಿರಬೇಕು. ಆಲೂಗಡ್ಡೆ ಸುಡುವವರು ಅದನ್ನು ತಿರುಗಿಸಿ ಹೇಳಬೇಕಾಗುತ್ತದೆ: ಒಲೆ ಉರಿದು ಮುಗಿದ ಮೇಲೇ ಅಡುಗೆ ಶುರು. ಬೆಂಕಿ ಧಗಧಗ ಎನ್ನುವಾಗ ಗಡ್ಡೆಯನ್ನು ಎಸೆದರೆ ಹತ್ತು ನಿಮಿಷದಲ್ಲಿ ಅದು ಇದ್ದಿಲಿನ ತಮ್ಮನಂತೆ ಕಾಣುತ್ತದೆ. ಬೆಂದಿತೆಂದು ಮುರಿದರೆ ಒಳಗೆ ಕಟುಂ ಎನ್ನುವ ಹಸಿ. ಮೇಲೆ ಮಸಿ, ಒಳಗೆ ಹಸಿ. ಪ್ರಾಸ ಮಾತ್ರ ಚೆನ್ನಾಗಿದೆ.

ತಪ್ಪು ಬೆಂಕಿಯದಲ್ಲ, ಅವಸರದ್ದು. ಆಲೂಗಡ್ಡೆಯಲ್ಲಿ ಐದರಲ್ಲಿ ನಾಲ್ಕು ಪಾಲು ನೀರೇ. ನೀರಿರುವಷ್ಟು ಹೊತ್ತು ಒಳಗಿನ ಬಿಸಿ 100 ಡಿಗ್ರಿ ದಾಟುವುದಿಲ್ಲ, ಹೊರಗೆ ಎಷ್ಟೇ ಉರಿ ಇರಲಿ. ಉರಿ ಹೆಚ್ಚಿಸಿದರೆ ಬೇಗ ಬೇಯುವುದಕ್ಕಿಂತ ಹೆಚ್ಚಾಗಿ ಸೀದ ಪದರ ದಪ್ಪವಾಗುತ್ತದೆ. ಇನ್ನೊಂದು ಲೆಕ್ಕ: ಗಡ್ಡೆಯ ದಪ್ಪ ಸ್ವಲ್ಪ ಏರಿದರೂ ಬೇಯುವ ಹೊತ್ತು ತುಂಬಾ ಏರುತ್ತದೆ. 5 ಸೆಂಟಿಮೀಟರ್ ದಪ್ಪದ್ದಕ್ಕೆ ಮುಕ್ಕಾಲು ಗಂಟೆ ಸಾಕಾದರೆ, 7 ಸೆಂಟಿಮೀಟರಿನದ್ದು ಹೆಚ್ಚುಕಡಿಮೆ ಅದರ ಎರಡರಷ್ಟು ಹೊತ್ತು ಕೇಳುತ್ತದೆ. ಹಾಗಾಗಿ ದೊಡ್ಡದನ್ನು ಆರಿಸುವುದು ಜಾಣತನವಲ್ಲ. ಮುಷ್ಟಿಯಲ್ಲಿ ಹಿಡಿಸುವ, 150ರಿಂದ 200 ಗ್ರಾಮಿನ, ಒಂದೇ ಅಳತೆಯ ಗಡ್ಡೆಗಳಿದ್ದರೆ ಎಲ್ಲವೂ ಒಟ್ಟಿಗೆ ಬೇಯುತ್ತವೆ. ಸಿಪ್ಪೆ ಒರಟಾಗಿ, ಒಳಗೆ ಪಿಷ್ಟ ಹೆಚ್ಚಿರುವ ಬಲಿತ ಗಡ್ಡೆ ಸುಟ್ಟಾಗ ಹಿಟ್ಟಿನ ಹಾಗೆ ಉದುರುತ್ತದೆ. ತೆಳುಸಿಪ್ಪೆಯ ಎಳೆಗಡ್ಡೆ ಮೇಣದ ಹಾಗೆ ಗಟ್ಟಿಯಾಗಿಯೇ ಉಳಿಯುತ್ತದೆ. ಹಸಿರು ತಿರುಗಿದ್ದನ್ನು ಮುಟ್ಟಲೇಬೇಡಿ. ಅದರೊಳಗಿನ ಸೊಲನೈನ್ ಎಂಬ ವಿಷ ಸುಟ್ಟರೂ ಹೋಗುವಂಥದ್ದಲ್ಲ.

ಹಾಗಾದರೆ ಬೇಯಿಸುವವರು ಯಾರು? ಬೂದಿ. ‘ಬೂದಿ ಮುಚ್ಚಿದ ಕೆಂಡ’ ಎಂದು ಮನುಷ್ಯರನ್ನು ಬೈಯುತ್ತೇವೆ, ಆದರೆ ಆಲೂಗಡ್ಡೆಗೆ ಅದಕ್ಕಿಂತ ಒಳ್ಳೆಯ ನೆಂಟರಿಲ್ಲ. ಬೂದಿ ಶಾಖವನ್ನು ನಿಧಾನವಾಗಿ ಸಾಗಿಸುತ್ತದೆ. ಕೆಂಡದ ಉಗ್ರ ಬಿಸಿಯನ್ನು ಸೋಸಿ ಸೋಸಿ ಗಡ್ಡೆಗೆ ಉಣಿಸುತ್ತದೆ.

ಗಟ್ಟಿ ಸೌದೆಯನ್ನು ಮುಕ್ಕಾಲು ಗಂಟೆಯಾದರೂ ಉರಿಯಲು ಬಿಟ್ಟು, ಜ್ವಾಲೆ ಇಳಿದು ಕೆಂಡವಾದ ಮೇಲೆ ಕೈಹಾಕಬೇಕು. ಅಂಟು ಸುರಿಸುವ ಸೌದೆಯಾಗಲೀ ಬಣ್ಣ ಬಳಿದ ಹಲಗೆಯಾಗಲೀ ಬೇಡ. ಅವುಗಳ ಹೊಗೆ ಸಿಪ್ಪೆಗೇ ಹತ್ತುತ್ತದೆ. ಇದ್ದಿಲಾದರೆ ಮೇಲೆಲ್ಲ ಬೂದುಬಣ್ಣದ ತೆಳುಪೊರೆ ಬಂದಿರಬೇಕು. ಕೆಂಡದಿಂದ ಅರ್ಧ ಗೇಣು ಮೇಲೆ ಅಂಗೈ ಹಿಡಿದು ನೋಡಿ: ಎರಡೇ ಸೆಕೆಂಡಿಗೆ ಕೈ ಹಿಂದಕ್ಕೆ ಬಂದರೆ ಇನ್ನೂ ಉಗ್ರ, ಐದಾರು ಸೆಕೆಂಡು ತಾಳಿದರೆ ಹದ. ಆಗ ಕೆಂಡವನ್ನು ಪಕ್ಕಕ್ಕೆ ಸರಿಸಿ, ಬೆಂಕಿ ಉರಿದ ಅದೇ ಜಾಗದಲ್ಲಿ ಒಂದು ಬೆರಳು ದಪ್ಪ ಬಿಸಿಬೂದಿ ಹರಡಿ, ಗಡ್ಡೆಗಳನ್ನು ಒಂದಕ್ಕೊಂದು ತಾಗದಂತೆ ಜೋಡಿಸಿ, ಮೇಲೆ ಮತ್ತೊಂದು ಬೆರಳು ಬೂದಿ, ಅದರ ಮೇಲೆ ಕೆಂಡ. ಜಾಗ ಬದಲಿಸುವ ಹಾಗಿಲ್ಲ. ತಣ್ಣನೆಯ ನೆಲ ಬಿಸಿಯನ್ನು ಕುಡಿದುಬಿಡುತ್ತದೆ, ಗಡ್ಡೆಯ ಕೆಳಮೈ ಅರೆಬೆಂದೇ ಉಳಿಯುತ್ತದೆ.

ಹೂಳುವ ಮೊದಲು ಗಡ್ಡೆಯನ್ನು ತೊಳೆದು ಒರೆಸಿ ಒಣಗಿಸಿರಬೇಕು. ಒದ್ದೆ ಸಿಪ್ಪೆಗೆ ಬೂದಿ ಮೆತ್ತಿಕೊಂಡರೆ ಬಿಡುವುದಿಲ್ಲ. ನಾಲ್ಕೈದು ಕಡೆ ಮುಳ್ಳುಚಮಚದಿಂದ ಚುಚ್ಚಿ, ಒಳಗಿನ ಹಬೆಗೆ ದಾರಿ ಬೇಕು. ಸಿಡಿಯುವುದು ಅಪರೂಪವೇ, ಆದರೆ ಸಿಡಿದಾಗ ಸುತ್ತ ಕೂತವರ ಮೈಮೇಲೆ ಕೆಂಡ ಹಾರುತ್ತದೆ. ಎಣ್ಣೆ ಸವರುವುದು ಜಾಲರಿಯ ಮೇಲಿಡುವಾಗ ಸರಿ. ಕೆಂಡದೊಳಗೆ ಹಾಕುವಾಗ ಅದು ಹೊತ್ತಿಕೊಳ್ಳುತ್ತದೆ.

ಇನ್ನು ಫಾಯಿಲ್ ಪಕ್ಷದವರು. ಎರಡು ಸುತ್ತು ಅಲ್ಯೂಮಿನಿಯಂ ಹಾಳೆ ಸುತ್ತಿದರೆ ಬೂದಿ ಅಂಟದು, ಸೀಯುವುದೂ ಕಡಿಮೆ. ಹೊಳೆಯುವ ಮೈ ಒಳಗೋ ಹೊರಗೋ ಎಂಬ ಜಗಳ ವ್ಯರ್ಥ, ಎರಡೂ ಒಂದೇ. ಆದರೆ ಹಾಳೆಯೊಳಗೆ ಗಡ್ಡೆ ತನ್ನದೇ ಹಬೆಯಲ್ಲಿ ಬೇಯುತ್ತದೆ; ಅದು ಸುಟ್ಟದ್ದಲ್ಲ, ಬೇಯಿಸಿದ್ದು. ಸಿಪ್ಪೆ ಒದ್ದೆಬಟ್ಟೆಯಂತಿರುತ್ತದೆ, ಹೊಗೆಯ ಪರಿಮಳ ಸುಳಿಯುವುದಿಲ್ಲ. ಸುತ್ತಲೇಬೇಕೆಂದಿದ್ದರೆ ಕೊನೆಯ ಹತ್ತು ನಿಮಿಷ ಬಿಚ್ಚಿ ಜಾಲರಿಯ ಮೇಲಿಡಿ, ಅರ್ಧ ಮಾನ ಉಳಿಯುತ್ತದೆ. ಸುತ್ತಿದ ಗಡ್ಡೆಯನ್ನು ಹಾಗೆಯೇ ಬಿಟ್ಟು ಮರುದಿನ ತಿನ್ನುವುದಂತೂ ಕೂಡದು. ಗಾಳಿಯಾಡದ ಆ ಬೆಚ್ಚನೆಯ ಜಾಗ ಬೊಟುಲಿಸಂ ಎಂಬ ಮಾರಕ ಆಹಾರವಿಷದ ಕಾಯಿಲೆ ತರುವ ಬ್ಯಾಕ್ಟೀರಿಯಾಕ್ಕೆ ಹೇಳಿ ಮಾಡಿಸಿದ್ದು. 1994ರಲ್ಲಿ ಅಮೆರಿಕದ ಎಲ್ ಪಾಸೋ ನಗರದ ಹೋಟೆಲೊಂದರಲ್ಲಿ ಹೀಗೆ ಇಟ್ಟ ಗಡ್ಡೆಗಳಿಂದ ಮಾಡಿದ ತಿನಿಸು 30 ಜನರನ್ನು ಕಾಯಿಲೆಗೆ ಕೆಡವಿತು.

ಬೂದಿಯೊಳಗೆ 45 ನಿಮಿಷದಿಂದ ಒಂದು ಗಂಟೆ. ನಡುವೆ ಒಮ್ಮೆ ಮಗುಚಿದರೆ ಸಾಕು. ಐದು ನಿಮಿಷಕ್ಕೊಮ್ಮೆ ಕೆದಕಿ ನೋಡುವವರ ಕೈಗೆ ಇಕ್ಕಳ ಕೊಡಬಾರದು. ಕೆದಕಿದಷ್ಟೂ ಬಿಸಿ ಹಾರಿಹೋಗುತ್ತದೆ. ಕೆಂಡ ನಡುವೆ ಆರಿ, ಗಡ್ಡೆಯ ಒಳಗು 60 ಡಿಗ್ರಿಯ ಆಸುಪಾಸಿನಲ್ಲೇ ಬಹಳ ಹೊತ್ತು ನಿಂತರೆ ಇನ್ನೊಂದು ಪೀಕಲಾಟ: ಜೀವಕೋಶಗಳನ್ನು ಬೆಸೆದಿರುವ ಪೆಕ್ಟಿನ್ ಬಿಗಿದುಕೊಳ್ಳುತ್ತದೆ, ಮತ್ತೆ ಎಷ್ಟು ಉರಿ ಹಾಕಿದರೂ ನಡುವಿನ ಗಟ್ಟಿತನ ಸುಲಭಕ್ಕೆ ಜಗ್ಗುವುದಿಲ್ಲ. ಬದಿಯಲ್ಲೊಂದು ಪುಟ್ಟ ಬೆಂಕಿ ಉರಿಸಿಟ್ಟುಕೊಂಡು ಹೊಸ ಕೆಂಡ ಸೇರಿಸುತ್ತಿರುವುದು ಇದಕ್ಕೇ.

ತೆಳ್ಳನೆಯ ಕಡ್ಡಿ ನಡುವಿನ ತನಕ ಸಲೀಸಾಗಿ ಇಳಿದು, ಹೊರತೆಗೆದಾಗ ಗಡ್ಡೆ ಅದರ ಜೊತೆ ಎದ್ದು ಬರದಿದ್ದರೆ ಬೆಂದಿದೆ. ಬೇಯುವ ತನಕ ತಾಳಿದವರು ಆರುವ ತನಕ ತಾಳಬಾರದೇ ಎನ್ನುತ್ತಾರೆ. ಇಲ್ಲಿ ತಾಳಬಾರದು! ತೆಗೆದ ಕೂಡಲೇ ಬೂದಿ ಕೊಡವಿ, ದಪ್ಪ ಬಟ್ಟೆಯಲ್ಲಿ ಹಿಡಿದು, ಅಡ್ಡಡ್ಡ ಸೀಳಿ ಎರಡೂ ಕಡೆಯಿಂದ ಅಮುಕಬೇಕು. ಹಬೆ ಭುಸ್ಸೆಂದು ಹೊರಬಿದ್ದರೆ ತಿರುಳು ಅರಳಿ ಬಿಡಿಬಿಡಿಯಾಗುತ್ತದೆ, ಒಳಗೇ ಉಳಿದರೆ ಅಂಟಂಟು. ಬೆಣ್ಣೆ, ಉಪ್ಪು ಆ ಕ್ಷಣದಲ್ಲೇ ಬೀಳಬೇಕು. ಸಿಪ್ಪೆಯ ಒಳಬದಿಗೆ ಅಂಟಿರುವ ಕಂದು ಪದರವನ್ನು ಚಮಚದಿಂದ ಕೆರೆಯಿರಿ. ಅಲ್ಲಿ ನೀರು ಆವಿಯಾಗಿ ಬಿಸಿ 100 ಡಿಗ್ರಿ ದಾಟಿರುವುದರಿಂದ ಹುರಿದ ರುಚಿಯೆಲ್ಲ ಅಲ್ಲೇ ಕೂತಿರುತ್ತದೆ. ಪೂರ್ತಿ ಕರಿಕಾದದ್ದು ಕಹಿ, ಅದನ್ನು ಶೌರ್ಯಕ್ಕಾಗಿ ತಿನ್ನಬೇಕಿಲ್ಲ.

ಕೆಂಡವನ್ನು ಮಣ್ಣು ಮುಚ್ಚಿ ಬಿಟ್ಟುಹೋಗಬಾರದು, ಅಡಿಯಲ್ಲಿ ಗಂಟೆಗಟ್ಟಲೆ ಬದುಕಿರುತ್ತದೆ. ನೀರು ಹೊಯ್ದು, ಕಲಕಿ, ಮತ್ತೆ ಹೊಯ್ದು, ಕೈಗೆ ತಣ್ಣಗೆ ಹತ್ತುವ ತನಕ. ಅದಕ್ಕೂ ಮೊದಲು ಗಡ್ಡೆಗಳನ್ನು ಎಣಿಸಿ ತೆಗೆಯಿರಿ; ಕತ್ತಲಲ್ಲಿ ಸುಟ್ಟ ಗಡ್ಡೆಗೂ ಇದ್ದಿಲಿಗೂ ಗುರುತು ಸಿಕ್ಕುವುದಿಲ್ಲ. ಹೂತದ್ದು ಎಂಟಾಗಿ ಎದ್ದದ್ದು ಏಳಾದರೆ, ಎಂಟನೆಯದು ಬೆಳಿಗ್ಗೆ ಬೂದಿ ಬಾಚುವಾಗ ಸಿಗುತ್ತದೆ, ಹಗುರಾಗಿ, ಒಳಗಿನ ತನಕ ಕಪ್ಪಾಗಿ. ಒಣಗಿಸಿ ಮುಂದಿನ ಬೆಂಕಿಗೆ ಇದ್ದಿಲೆಂದೇ ಹಾಕಬಹುದು.